ರಾಜಗೀತೆಗೆ ಇಳಿದ ರುಮಾಲು

ಗೆಳೆಯರೇ, ಇಂದು ಗೋಕಾಕದ ಕಚೇರಿ ಬಯಲಿನಲ್ಲಿ ಇಂಗ್ಲಿಷ್ ಸಾಹೇಬರ ಮುಂದೆ ಪೋಲೀಸ್ ಬ್ಯಾಂಡು ಸಾಲಾಗಿ ನಡೆಯುತ್ತ ಬಾರಿಸಿತು. ಅದಕ್ಕೂ ಮೊದಲು ಶಿರಸ್ತೇದಾರರು ನಮಗೆ ಸಂಗೀತ ಕೇಳುವ ರೀತಿ ಕಲಿಸಿದರು.

"ಕಡೀಕ ರಾಜಗೀತಿ ಬರತೈತಿ. ಸಾಹೇಬ್ರು ಟೊಪಗಿ ತೆಗೀತಾರ, ನೀವೂ ಎದ್ದು ರುಮಾಲ ತೆಗೀರಿ. ನನ್ನ ಮಾನ ಉಳಸ್ರಿ!"

ಬಡ್ತಿಯ ಆಸೆ ಅವರದು, ತಲೆ ಮಾತ್ರ ನಮ್ಮದು.

ಗೀತೆ ಶುರುವಾಯಿತು. ಎಲ್ಲರೂ ಎದ್ದು ರುಮಾಲು ಇಳಿಸಿದರು. ನಮ್ಮಲ್ಲಿ ಹೆಣದ ಮುಂದಷ್ಟೇ ರುಮಾಲು ಇಳಿಸುವುದು. ಆಗ ತಾನೇ ಕೌಜಲಗಿಯಿಂದ ಬಂದ ಕುರುಬರ ಸಿದ್ದಪ್ಪ ಕಾಕಾ ಆ ಬರಿತಲೆಗಳನ್ನು ಕಂಡು ಗಾಬರಿಯಾದರು.

"ಯಾರು ತೀರಕೊಂಡ್ರೋ ಯಪ್ಪಾ?"

"ಯಾರೂ ಸತ್ತಿಲ್ಲ, ಬಾಯಿ ಮುಚ್ಚು! ಇದು ರಾಜರಿಗೆ ಮರ್ಯಾದಿ!" ಎಂದು ಶಿರಸ್ತೇದಾರರು ಹಲ್ಲು ಕಡಿದರು.

"ಅಲ್ರೀ ರಾಯರ, ಜೀವಂತ ಇದ್ದಾವಗ ಹಿಂಗ ಮಾಡಿದ್ರ ಅಪಶಕುನ ಅಲ್ಲೇನ್ರಿ? ರಾಜಾ ನೂರು ವರ್ಷ ಬಾಳಲಿ. ಸುತ್ತಕೊಳ್ರೋ ರುಮಾಲಾ!"

ಗೀತೆ ಮುಗಿಯುವ ಮೊದಲೇ ಬಯಲಿನ ತುಂಬ ಜನ ರುಮಾಲು ಸುತ್ತತೊಡಗಿದರು. ಬರಿತಲೆಯಲ್ಲಿ ಉಳಿದವರು ಸಾಹೇಬರು ಮತ್ತು ಶಿರಸ್ತೇದಾರರು ಮಾತ್ರ.

ಈ ರಾಜ್ಯ ಸಾಯುವ ದಿನ ಅಳುವವರು ಎಷ್ಟು ಮಂದಿ ಎಂಬುದು ಇಂದೇ ಗೊತ್ತಾಯಿತು.