ಗಿರಣಿಯ ಚಕ್ರದವರೆಗೆ ಮಾತ್ರ

ಸ್ತಾಮೆಂಕಾ ಯಾವ ಸಭೆಯಲ್ಲೂ ಕೂಗಿದವಳಲ್ಲ. ಕೂಗಲು ನಮ್ಮಂಥವರಿದ್ದೆವು. ಪಟ್ಟಣದ ಬಟ್ಟೆ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಕತ್ತರಿ ಮೇಜಿನ ಮುಂದೆ ನಿಂತವಳು ಆಕೆ. ಕಾರ್ಖಾನೆ ಮುಚ್ಚುವಾಗ ಮುಷ್ಕರ ಹೂಡಿದೆವು. ನಾನು ಲಾರಿ ಮೇಲೆ ಹತ್ತಿ ಭಾಷಣ ಬಿಗಿಯುತ್ತಿದ್ದರೆ, ಆಕೆ ಗೇಟು ಕಾಯುವ ಕೆಲಸವನ್ನು ಮೂರು ಮೂರು ಗಂಟೆಗೆ ತುಂಡು ಮಾಡಿ ಹೆಂಗಸರಿಗೆ ಹಂಚುತ್ತಿದ್ದಳು. ಮುಷ್ಕರ ಸೋತಿತು. ಗೇಟು ಮಾತ್ರ ಒಂದು ದಿನವೂ ಕಾವಲಿಲ್ಲದೆ ಇರಲಿಲ್ಲ.

ಆಮೇಲೆ ಆಕೆ ನಮ್ಮೂರು ಗೊರ್ನ್ಯಾ ಯಾಸಿಕಾಕ್ಕೆ ಮರಳಿದಳು. ಹಳೆಯ ನೀರುಗಿರಣಿಯ ಕೆಳಗಿನ ಹೊಲದಲ್ಲಿ ಕೆಂಪು ದಪ್ಪಮೆಣಸು ಬೆಳೆದು, ಸುಟ್ಟು, ಸಿಪ್ಪೆ ಸುಲಿದು, ಶೀಶೆಗೆ ತುಂಬಿ ಸಂತೆಗೆ ಹೊತ್ತಳು. ಗಂಡ ಸತ್ತು ಒಂಬತ್ತು ವರ್ಷ. ಆ ಹೊಲ ಬಿಟ್ಟರೆ ಬೇರೆ ಗತಿಯಿರಲಿಲ್ಲ.

ನಮ್ಮ ಹೊಳೆಯನ್ನು ಪೈಪಿಗೆ ತುಂಬಿ ಕರೆಂಟು ತೆಗೆಯುತ್ತೇವೆಂದು ಕಂಪನಿಯೊಂದು ಬಂತು. ಎರಡು ಬೇಸಿಗೆ ದಾರಿಗೆ ಅಡ್ಡ ಕೂತು ಅವರ ಯಂತ್ರಗಳನ್ನು ಹಿಂದಕ್ಕೆ ಕಳಿಸಿದೆವು. ಆಗ ಜಿಲ್ಲಾ ಕಚೇರಿಯಿಂದ ಕಾಗದ ಬಂತು. ಗಿರಣಿಯ ಹಳೆಯ ಕಾಲುವೆ ಬಳಕೆಯಲ್ಲಿದ್ದರೆ ನೀರಿನ ಹಕ್ಕು ಊರಿನದು, ಇಲ್ಲದಿದ್ದರೆ ಕಂಪನಿಯದು. ಸೆಪ್ಟೆಂಬರ್ ಮೂರಕ್ಕೆ ಇನ್‌ಸ್ಪೆಕ್ಟರ್ ಬಂದು ನೋಡುತ್ತಾನೆ. ಕಾಗದ ಕೈಗೆ ಸಿಕ್ಕಿದ್ದು ಆಗಸ್ಟ್ ಒಂಬತ್ತಕ್ಕೆ. ಎರಡು ಕಿಲೋಮೀಟರ್ ಕಾಲುವೆ ಇಪ್ಪತ್ತೆರಡು ವರ್ಷದಿಂದ ಮುಳ್ಳು, ಮಣ್ಣು, ಸತ್ತ ಫ್ರಿಜ್ಜುಗಳಿಂದ ತುಂಬಿತ್ತು.

“ಪೈಪ್ ಬಂದ್ರೆ ನನ್ನ ಹೊಲಕ್ಕೆ ತೊಟ್ಟು ನೀರಿರಲ್ಲ,” ಎಂದಳು ಸ್ತಾಮೆಂಕಾ. “ಅರವತ್ಮೂರನೇ ವಯಸ್ಸಲ್ಲಿ ಪಟ್ಟಣಕ್ಕೋಗಿ ಯಾರದೋ ಮನೆ ನೆಲ ಒರೆಸ್ಬೇಕು. ನಾನು ಒರೆಸಲ್ಲ.”

ಮೊದಲ ಭಾನುವಾರ ಮೋಬಾ ಕರೆದೆವು. ಮೋಬಾ ಎಂದರೆ ಮುಯ್ಯಾಳು. ಕರೆದರೆ ಊರೇ ಬರಬೇಕು, ಕರೆದವರು ಉಣ್ಣಿಸಬೇಕು. ಬಂದವರು ಎಷ್ಟು ಕೆಲಸ ಮಾಡಿದರೆಂದು ಅಳೆಯುವುದು ಅವರ ತುತ್ತು ಎಣಿಸಿದಷ್ಟೇ ಹೀನ. ನಲವತ್ಮೂರು ಜನ ಬಂದರು. ಅಷ್ಟೂ ಜನ ಆಕ್ರೋಟ್ ಮರದ ನೆರಳಿರುವ ಒಂದೇ ಕಡೆ ಅಗೆದರು. ಹತ್ತಕ್ಕೆ ಕುರಿ ಬೆಂದಿತು, ಹನ್ನೊಂದಕ್ಕೆ ಪ್ಲಮ್ ಹಣ್ಣಿನ ಸಾರಾಯಿ ರಾಕಿಯಾ ಹರಿಯಿತು, ಅದರ ಹಿಂದೆಯೇ ಯೋಜನೆಗಳೂ ಹರಿದವು. ಮೇಲಿನ ಕೇರಿಯ ಒಬ್ರಾದ್ ಚರ್ಚಿನ ಗೋಡೆಯನ್ನೂ ಜೊತೆಗೇ ಕಟ್ಟಿಬಿಡೋಣ ಎಂದ. ಇನ್ನೊಬ್ಬನಿಗೆ ಊರ ಬಾಗಿಲಿಗೆ ಕಮಾನು ಬೇಕಿತ್ತು. ಹೋರಾಟದ ನೆನಪಿಗೆ ಕಲ್ಲು ನೆಡಬೇಕೆಂದ ಮೂರ್ಖ ನಾನೇ. ಎಲ್ಲರೂ ಹೋದ ಮೇಲೆ ಸ್ತಾಮೆಂಕಾ ಮರ್ಯಾದೆ ಬದಿಗಿಟ್ಟು ಹೆಜ್ಜೆ ಹಾಕಿ ಅಳೆದಳು. ಎಪ್ಪತ್ತು ಹೆಜ್ಜೆ ಆಗಿತ್ತು.

ಮರುದಿನ ಹಳೆಯ ಶಾಲೆಯಲ್ಲಿ ಸೇರಿದಾಗ ಆಕೆ ಎದ್ದು ನಿಂತಳು.

“ಕೆಲಸ ಯಾವ್ದು ಅಂತ ಮೊದ್ಲು ಹೇಳ್ರಪ್ಪ.”

“ಊರು ಉಳಿಸೋದು,” ಎಂದೆ ನಾನು.

“ಊರು ಉಳಿಸೋಕೆ ಗುದ್ದಲಿ ಎಲ್ಲಿ ಹಾಕ್ಬೇಕು? ತೋರ್ಸು.”

ಎಲ್ಲರೂ ನಕ್ಕರು. ನಾನೂ ನಗಬೇಕಾಯಿತು.

“ಮೂರನೇ ತಾರೀಕು ನೀರು ಬಂದು ಗಿರಣಿ ಚಕ್ರ ತಿರುಗ್ಬೇಕು. ಅಷ್ಟೇ ಕೆಲಸ. ಚಕ್ರಕ್ಕೆ ನೀರು ತರದೇ ಇರೋದು ಎಷ್ಟೇ ಒಳ್ಳೇದಾದ್ರೂ ಈ ಕೆಲಸ ಅಲ್ಲ.”

“ಹಂಗಾದ್ರೆ ಚರ್ಚ್ ಗೋಡೆ? ದೇವ್ರಿಗೆ ಏನಂತ ಹೇಳೋದು?” ಎಂದ ಒಬ್ರಾದ್.

“ಅಕ್ಟೋಬರ್‌ಗೆ ಬರ್ತೀವಿ ಅಂತ ಹೇಳಣ್ಣ. ಅವನಿಗೇನು ಇನ್‌ಸ್ಪೆಕ್ಟರ್ ಕಾಟ ಇಲ್ಲ.”

ಎರಡು ದಿನ ಹಗ್ಗ ಹಿಡಿದು ಕಾಲುವೆಯುದ್ದಕ್ಕೂ ನಡೆದಳು. ಕೆಂಪು ಉಣ್ಣೆದಾರ ಕಟ್ಟಿದ ಗೂಟ ನೆಟ್ಟು ಮೂವತ್ತೊಂದು ತುಂಡು ಮಾಡಿದಳು. ತುಂಡುಗಳು ಸಮ ಇರಲಿಲ್ಲ. ಮೆತ್ತನೆ ಮಣ್ಣಿನಲ್ಲಿ ನೂರು ಹೆಜ್ಜೆ, ಬಂಡೆಯಲ್ಲಿ ಒಂಬತ್ತು. ಇಬ್ಬರು ನಾಲ್ಕು ದಿನದಲ್ಲಿ ಮುಗಿಸುವಷ್ಟೇ ಒಂದು ತುಂಡು. ಗೂಟಕ್ಕೊಂದು ಮನೆಯ ಹೆಸರು. “ಇಡೀ ಕೋಟು ನೋಡಿದ್ರೆ ಹೊಲಿಯೋಳ ಎದೆ ಒಡೆಯುತ್ತೆ. ತೋಳು ಕೊಡು, ಹೊಲೀತಾಳೆ,” ಎಂದಳು. ಕುರಿ ರದ್ದಾಯಿತು. ಕೆಲಸ ಮುಗಿಸಿ ಬಂದವರಿಗೆ ಶಾಲೆಯಲ್ಲಿ ಹುರುಳಿಕಾಯಿ ಬೀಜದ ಬಿಸಿ ಸಾರು, ರೊಟ್ಟಿ. ಮುದುಕರು ಇದೆಂಥಾ ಮೋಬಾ ಎಂದು ಗೊಣಗಿದರು, ಗೊಣಗುತ್ತಲೇ ಹೋಗಿ ಅಗೆದರು. ಗೂಟದ ಮೇಲೆ ಹೆಸರಿತ್ತಲ್ಲ, ಸುಮ್ಮನಿರಲು ಬಿಡಲಿಲ್ಲ.

ಆಗಸ್ಟ್ ಇಪ್ಪತ್ತೆಂಟಕ್ಕೆ ಮೂವತ್ತೊಂದೂ ಮುಗಿದವು. ಮೂವತ್ತರ ಬೆಳಿಗ್ಗೆ ಹೊಳೆಯ ನೀರು ಕಾಲುವೆಗೆ ಬರದಂತೆ ತಡೆದಿದ್ದ ಹಲಗೆ ಎತ್ತಿದೆವು. ನೀರು ಹನ್ನೆರಡು ತುಂಡು ಹರಿದು ಬಂದು ನಿಂತಿತು. ನಿಂತು, ಉಬ್ಬಿ, ದಡ ದಾಟಿ ಹುಲ್ಲುಗಾವಲಿಗೆ ನುಗ್ಗಿತು.

ಕಾರಣ ನಮ್ಮ ಜನರ ಹಟ. ಪಕ್ಕದವನ ಹೆಸರು ಕಂಡ ಕೂಡಲೇ ಅವನಿಗಿಂತ ಒಂದು ಗೇಣು ಆಳ ತೋಡದಿದ್ದರೆ ನಮಗೆ ಅನ್ನ ಇಳಿಯದು. ಕಾಲುವೆಯ ತಳ ಮೆಟ್ಟಿಲು ಮೆಟ್ಟಿಲಾಗಿತ್ತು. ಹನ್ನೆರಡನೆಯ ತುಂಡಿನ ತಿಹೋಮಿರ್ ತನ್ನ ಗುಂಡಿಯಲ್ಲಿ ಎದೆಮಟ್ಟ ನೀರಲ್ಲಿ ನಿಂತು ಮೀಸೆ ತಿರುವುತ್ತಿದ್ದ. ಹದಿಮೂರನೆಯದು ಒಬ್ರಾದನ ಬಂಡೆ. ಅದು ದಿಬ್ಬದ ಹಾಗೆ ಅಡ್ಡ ನಿಂತಿತ್ತು.

“ನೋಡ್ರಿ, ಕೆಲಸ ಅಂದ್ರೆ ಇದು!” ಎಂದ ತಿಹೋಮಿರ್.

“ಕಾಲುವೆ ತೋಡು ಅಂದ್ರೆ ನಿನ್ನ ಗೋರಿ ತೋಡ್ಕೊಂಡಿದೀಯಲ್ಲೋ,” ಎಂದ ಒಬ್ರಾದ್.

ಇಬ್ಬರೂ ಗುದ್ದಲಿ ಎತ್ತುವ ಮೊದಲೇ ಸ್ತಾಮೆಂಕಾ ನಡುವೆ ಬಂದಳು. “ತಪ್ಪು ನಂದು. ಎಲ್ಲಿಂದ ಎಲ್ಲೀವರೆಗೆ ಅಂತ ಹೇಳ್ದೆ, ಎಷ್ಟು ಆಳ ಅಂತ ಹೇಳ್ಲಿಲ್ಲ. ಇಂಥ ಅಳತೆ ಕೊಟ್ಟಿದ್ರೆ ಕಾರ್ಖಾನೇಲಿ ನನ್ನ ಕೈಯಿಂದ ಕತ್ತರಿ ಕಿತ್ಕೊಳೋರು.”

ಗುಂಡಿಗಳನ್ನೆಲ್ಲ ಮುಚ್ಚಿಸೋಣ ಎಂದೆ.

“ಇರೋದು ನಾಲ್ಕು ದಿನ. ಗುಂಡೀನ ನೀರೇ ತುಂಬ್ಕೊಳುತ್ತೆ, ಅದು ನಮ್ಮ ಕೆಲಸ ಅಲ್ಲ. ದಿಬ್ಬ ಕಡಿಯೋದಷ್ಟೇ ನಮ್ಮದು.”

ಪಾರದರ್ಶಕ ಪೈಪಿಗೆ ನೀರು ತುಂಬಿ ಮಟ್ಟ ಹಿಡಿದೆವು. ದಿಬ್ಬ ನಾಲ್ಕೇ ಇದ್ದವು. ಮೂರು ಮಣ್ಣಿನವು, ಸಂಜೆಯೊಳಗೆ ಹೋದವು. ಉಳಿದದ್ದು ಒಬ್ರಾದನ ಬಂಡೆ. ಅರವತ್ತೆಂಟರ ಮುದುಕ ಹೆಂಡತಿಯ ಜೊತೆ ಅದನ್ನು ನಾಲ್ಕಲ್ಲ, ಎಂಟು ದಿನ ಕುಟ್ಟಿದ್ದ. ಈಗ ಅವನ ತುಂಡಿಗೆ ಇನ್ನೊಬ್ಬ ಪಿಕಾಸಿ ಹಾಕಿದರೆ ‘ನಿನ್ನ ಕೈಲಾಗಲಿಲ್ಲ’ ಎಂದು ಊರಿಗೆಲ್ಲ ಸಾರಿದಂತೆ. ಅವನು ಒಪ್ಪದಿದ್ದರೆ ಯಾರೂ ಅಲ್ಲಿ ಕಾಲಿಡುತ್ತಿರಲಿಲ್ಲ.

ಸ್ತಾಮೆಂಕಾ ಅವನ ಅಂಗಳಕ್ಕೆ ಹೋದಳು, ನಾನೂ ಹೋದೆ. ಒಬ್ರಾದ್ ರಾಕಿಯಾ ಸುರಿದುಕೊಟ್ಟ, ಮುಖ ಕೊಡಲಿಲ್ಲ.

“ನಿನ್ನ ತುಂಡು ಇನ್ನೊಂದು ಗೇಣು ಇಳೀಬೇಕಣ್ಣ.”

“ನಾನು ಮಾಡಿದ್ದು ಸಾಲ್ದಾ?”

“ಸಾಲ್ದು.”

ಒಬ್ರಾದನ ಹೆಂಡತಿ ಬಾಗಿಲಲ್ಲಿ ಕೆಮ್ಮಿದಳು. ಸ್ತಾಮೆಂಕಾಳಿಂದ ಸಮಾಧಾನದ ಮಾತು ಬರುತ್ತದೆಂದು ಕಾದೆ. ಬರಲಿಲ್ಲ.

“ಎಂಟು ದಿನ ಕುಟ್ಟಿದ್ದೀಯ, ಬಂಡೆ ಗಟ್ಟಿ. ನಾನು ಕೊಟ್ಟ ತುಂಡೇ ದೊಡ್ಡದಾಯ್ತು,” ಎಂದಳು ಸ್ತಾಮೆಂಕಾ. “ಅದನ್ನೇ ನಾಲ್ಕು ಮಾಡ್ತೀನಿ. ಒಂದು ನಿಂದು, ಒಂದು ನಂದು.”

“ಇನ್ನೆರಡು?”

“ಒಂದು ಈ ಭಾಷಣದವನ್ದು. ಇನ್ನೊಂದು ತಿಹೋಮಿರ್‌ದು. ಆಳ ತೋಡೋ ಚಪಲ ಇದೆಯಲ್ಲ ಅವನಿಗೆ, ಬಂಡೆ ಮೇಲೆ ತೀರಿಸ್ಕೊಳ್ಲಿ.”

ಒಬ್ರಾದನ ಹೊಟ್ಟೆ ಮೊದಲು ಕುಲುಕಿತು, ನಗು ಆಮೇಲೆ ಬಂತು. “ಅವನಿಗೆ ಒಳ್ಳೆ ಗಟ್ಟಿ ಜಾಗ ಕೊಡು,” ಎಂದ. ಮತ್ತೆ ಗಂಭೀರನಾಗಿ, “ಗೂಟದ ಮೇಲೆ ಹೆಸರು?” ಎಂದು ಕೇಳಿದ.

“ನಿಂದೇ. ಕಲ್ಲು ಇಳಿಸೋಕೆ ಬಂದಿದೀನಿ, ಹೆಸರು ಇಳಿಸೋಕಲ್ಲ.”

ಆಳಕ್ಕೆ ಗೀಟು ಹಾಕಿದ ಒಂದೇ ಕೋಲು ನಮ್ಮ ನಾಲ್ವರಿಗೂ. ಗೀಟು ಮುಟ್ಟಿದ ಕೂಡಲೇ ನಿಲ್ಲಿಸಬೇಕು. ತಿಹೋಮಿರ್ ಇನ್ನೆರಡು ಏಟು ಹಾಕಲು ಹೋದಾಗ ಆಕೆ ಅವನ ಪಿಕಾಸಿಯನ್ನೇ ಕಿತ್ತುಕೊಂಡಳು. ನನ್ನ ಅಂಗೈ ಸುಲಿದುಹೋಯಿತು. ಎರಡನೇ ತಾರೀಕು ಮಧ್ಯಾಹ್ನ ನೀರು ಬಂಡೆ ದಾಟಿತು, ಮೂರರ ಬೆಳಿಗ್ಗೆ ಚಕ್ರಕ್ಕೆ ಬಿತ್ತು. ಚಕ್ರ ಮುದಿ ಎಮ್ಮೆಯಂತೆ ನರಳಿ ಒಂದು ಸುತ್ತು ಬಂತು, ಆಮೇಲೆ ನಿಲ್ಲಲಿಲ್ಲ.

ಇನ್‌ಸ್ಪೆಕ್ಟರ್ ಹೊಳೆಯುವ ಬೂಟು ಹಾಕಿಕೊಂಡು ಬಂದ. ಚಕ್ರ ನೋಡಿ ತುಟಿ ಕೊಂಕಿಸಿದ. “ತಿರುಗೋದು ಕಾಣ್ತಿದೆ. ಆದ್ರೆ ಇದನ್ನ ಯಾರಾದ್ರೂ ಬಳಸ್ತಾರೇನ್ರಿ?”

ಜನವೆಲ್ಲ ಗಿರಣಿಯ ಬಳಿ ಬಾಯಿಬಿಟ್ಟು ನಿಂತಿತ್ತು. ಸ್ತಾಮೆಂಕಾ ಅಲ್ಲಿರಲಿಲ್ಲ. ಅವನನ್ನು ಕೆಳಗಿನ ಹೊಲಕ್ಕೆ ಕರೆದುಕೊಂಡು ಹೋದೆ. ಆಕೆ ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ, ಸಲಿಕೆಯಿಂದ ಬದು ಒಡೆದು, ಚಕ್ರ ದಾಟಿ ಬಂದ ನೀರನ್ನು ಮೆಣಸಿನ ಸಾಲಿಗೆ ತಿರುಗಿಸುತ್ತಿದ್ದಳು.

“ಅಮ್ಮಾ, ನೀವು ಈ ನೀರು ಬಳಸ್ತೀರಾ?” ಎಂದ ಇನ್‌ಸ್ಪೆಕ್ಟರ್.

ಆಕೆ ತಲೆ ಎತ್ತಲಿಲ್ಲ. “ಪಕ್ಕಕ್ಕೆ ನಿಲ್ರಿ ಸ್ವಾಮಿ. ನೀವು ನಿಂತಿರೋ ಸಾಲಿಗೇ ಈಗ ಬಿಡ್ತಿರೋದು.”

ಅವನು ಹಾರಿಕೊಳ್ಳುವಷ್ಟರಲ್ಲಿ ನೀರು ಬೂಟಿನೊಳಕ್ಕೆ ಹೋಗಿತ್ತು. ಒಂಟಿ ಕಾಲಲ್ಲಿ ನಿಂತೇ ಕಾಗದ ತೆಗೆದು ‘ಬಳಕೆಯಲ್ಲಿದೆ’ ಎಂದು ಬರೆದ.