ಮತ್ತೊಮ್ಮೆ ಮೇಡಂ ಕಟ್ಟಿಸಿದ ಬೀಗ

ನನ್ನ ಸೋದರತ್ತೆಗೆ ಆಫೀಸಿನವರು ಇಟ್ಟ ಹೆಸರು ಮತ್ತೊಮ್ಮೆ ಮೇಡಂ. ಯಾವ ಕಾಗದ ತಂದರೂ ಗಟ್ಟಿಯಾಗಿ ಓದಿಸಿ, ಕೊನೆಗೆ "ಮತ್ತೊಮ್ಮೆ" ಎನ್ನುತ್ತಿದ್ದಳು. ಬೆನ್ನ ಹಿಂದೆ ಆಡಿಕೊಂಡು ನಗುತ್ತಿದ್ದರು. ಅವಳಿಗೆ ಗೊತ್ತಿತ್ತು, ಕ್ಯಾರೇ ಎನ್ನುತ್ತಿರಲಿಲ್ಲ. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಅವಳು ಕೆಲಸ ಮಾಡುತ್ತಿದ್ದದ್ದು ಮಕ್ಕಳನ್ನು ದತ್ತು ಕೊಡುವ ಸಂಸ್ಥೆಯ ದಾಖಲೆ ಕೋಣೆಯಲ್ಲಿ. ಒಂದೇ ಕಿಟಕಿ, ಸಾಲಾಗಿ ಕಬ್ಬಿಣದ ಕಪಾಟು, ಒಳಗೆ ಎರಡು ಸಾವಿರದಷ್ಟು ಕಡತ. ಪ್ರತಿ ಕಡತದಲ್ಲೂ ಹೆತ್ತವಳ ಹೆಸರು, ಅವಳು ಬಿಟ್ಟುಹೋದ ಒಂದೆರಡು ಮಾತು. ಮಗು ದೊಡ್ಡದಾಗಿ ತಾನೇ ಬಂದು ಅರ್ಜಿ ಕೊಟ್ಟರೆ ಮಾತ್ರ ತೆರೆಯಬೇಕು. ಬೇರೆ ಯಾರ ಕಣ್ಣಿಗೂ ಬೀಳಬಾರದು. ಅಲ್ಲಿ ನನ್ನದೂ ಒಂದಿತ್ತು. ಮೂರು ತಿಂಗಳ ಕೂಸಾಗಿದ್ದ ನನ್ನನ್ನು ಅಪ್ಪ ಅಮ್ಮ ತಂದದ್ದು ಅಲ್ಲಿಂದಲೇ. ಹದಿನಾಲ್ಕರಲ್ಲಿ ಅತ್ತೆಯ ತಲೆ ತಿಂದಿದ್ದೆ. "ಹದಿನೆಂಟಾಗ್ಲಿ, ಅರ್ಜಿ ಕೊಡು" ಎಂದವಳು ಆಮೇಲೆ ತುಟಿ ಬಿಚ್ಚಲಿಲ್ಲ. ಹದಿನೆಂಟಾಯಿತು, ಮೂವತ್ತೂ ದಾಟಿತು, ನನಗೆ ಧೈರ್ಯ ಬರಲಿಲ್ಲ. ಸಂಜೆ ಅವಳನ್ನು ಸ್ಕೂಟರಿನಲ್ಲಿ ಕರೆತರಲು ಹೋದಾಗೆಲ್ಲ ಬಾಗಿಲಾಚೆಯ ಬೆಂಚಿನಲ್ಲೇ ಕೂರಬೇಕಿತ್ತು. ಅಣ್ಣನ ಮಗಳಾದರೇನು, ಹೊಸ್ತಿಲು ದಾಟುವಂತಿರಲಿಲ್ಲ.

ನಿವೃತ್ತಿಗೆ ಎಂಟು ತಿಂಗಳಿದ್ದಾಗ ಹೊಸ ನಿರ್ದೇಶಕರ ಕಣ್ಣು ಆ ಕೋಣೆಯ ಮೇಲೆ ಬಿತ್ತು. ಮೀಟಿಂಗ್ ಹಾಲ್ ಮಾಡಬೇಕಂತೆ. ಸ್ಕ್ಯಾನ್ ಮಾಡಿಟ್ಟ ಕಡತಗಳಿಗೆ ಕಂಪ್ಯೂಟರಿನಲ್ಲೇ ಬೀಗ ಹಾಕಿ, ಕಾಗದವನ್ನೆಲ್ಲ ಚೂರು ಮಾಡಿಸುವುದೆಂದು ತೀರ್ಮಾನವಾಯಿತು. ಅತ್ತೆ ಬೇಡ ಎನ್ನಲಿಲ್ಲ. ಗೆದ್ದಲಿಗೆ ಹೆದರಿಕೊಂಡೇ ಬದುಕಿದವಳು ಅವಳು. ಬೀಗದ ವಿಷಯದಲ್ಲಿ ಮಾತ್ರ ಪಟ್ಟು ಹಿಡಿದಳು.

ಸಿಸ್ಟಂ ನೋಡಿಕೊಳ್ಳುವವನಿಗೆ ನಾನಿಟ್ಟ ಹೆಸರು ಆಯ್ತಪ್ಪ. ಏನು ಹೇಳಿದರೂ "ಆಯ್ತು ಬಿಡಿ" ಎನ್ನುತ್ತಿದ್ದ; ಆಗಿರುತ್ತಿರಲಿಲ್ಲ. ಕೆಟ್ಟವನಲ್ಲ, ಅವಸರದವನು. ಕಡತವನ್ನು ಗೂಢಲಿಪಿಗೆ ತಿರುಗಿಸಿ ಬೀಗ ಹಾಕಲು ಲೈಬ್ರರಿ ಎಂಬ ಸಿದ್ಧ ಕೋಡಿನ ಕಟ್ಟೊಂದು ಬೇಕು, ಅದರ ಕೋಡನ್ನು ಬರೆದವರೇ ಎಲ್ಲರೂ ಓದಲಿ ಎಂದು ಬಿಟ್ಟುಕೊಟ್ಟಿದ್ದಾರೆ ಎಂದು ವಿವರಿಸಿದವನು ಅವನೇ. ಅತ್ತೆಗೆ ಹಿಡಿಸಿತು. "ಒಳಗೆ ಹೇಗಿದೀನಿ ಅಂತ ತೋರಿಸೋಕೆ ಹೆದರದ ಬೀಗ. ಅದೇ ಇರಲಿ" ಎಂದಳು. ಕೋಣೆಯ ಡೆಸ್ಕ್‌ಟಾಪ್ ಓಬೀರಾಯನ ಕಾಲದ್ದು. ಅದಕ್ಕೆ ಒಗ್ಗುವ ಸಿದ್ಧ ಪ್ಯಾಕೇಜ್ ಎಲ್ಲೂ ಸಿಗಲಿಲ್ಲ. ಸೋರ್ಸ್ ಕೋಡ್ ಇಳಿಸಿಕೊಂಡು ಆ ಯಂತ್ರದಲ್ಲೇ ಕಂಪೈಲ್ ಮಾಡಬೇಕಿತ್ತು, ಅಂದರೆ ಯಂತ್ರ ನಡೆಸಬಲ್ಲ ರೂಪಕ್ಕೆ ಕಟ್ಟಬೇಕಿತ್ತು. ಜೊತೆಗಿದ್ದ ಸೂಚನೆಯ ಪುಟಗಳನ್ನು ಅತ್ತೆ ಮುದ್ರಿಸಿಕೊಂಡು, ಕೆಂಪು ಪೆನ್ನು ಹಿಡಿದು ಓದಿದಳು. ಅರ್ಧ ಅರ್ಥವಾಗಲಿಲ್ಲ. ಅರ್ಥವಾದ ಸಾಲುಗಳ ಕೆಳಗೆ ಗೆರೆ ಎಳೆದಳು.

ಆ ಮಧ್ಯಾಹ್ನ ನಾನು ಬೇಗ ಹೋಗಿದ್ದೆ. ಕಾಗದ ಒಯ್ಯುವ ವ್ಯಾನು ಗೇಟಿನಲ್ಲಿ ಆಗಲೇ ನಿಂತಿತ್ತು. ತೆರೆದ ಬಾಗಿಲಿನಾಚೆ ನನ್ನ ಬೆಂಚಿಗೆ ಕಾಣುತ್ತಿದ್ದ ಪರದೆಯ ಮೇಲೆ ಸಾಲುಗಳು ಸರಸರನೆ ಓಡಿ ನಿಂತವು.

"ಆಯ್ತು ಬಿಡಿ ಮೇಡಂ, ಕಂಪೈಲ್ ಆಯ್ತು. ಇನ್‌ಸ್ಟಾಲ್ ಮಾಡಿ ಬೀಗ ಹಾಕಿಬಿಡೋಣ."

"ನಡುವೆ ಒಂದು ಸಾಲಿದೆಯಲ್ಲಪ್ಪ." ಅತ್ತೆ ಪುಟ ಮುಂದೆ ಹಿಡಿದಳು. "ಕಟ್ಟಿದ್ದು ಸರಿಯಿದೆಯಾ ಅಂತ ಮೊದಲು ಟೆಸ್ಟ್ ನಡೆಸಿ ಅಂತ."

"ಅದನ್ನ ಯಾರೂ ಮಾಡಲ್ಲ ಮೇಡಂ. ಅರ್ಧ ಗಂಟೆ ತಿನ್ನುತ್ತೆ."

"ನಾನು ಮಾಡಿಸ್ತೀನಿ."

ಅಷ್ಟರಲ್ಲಿ ನಿರ್ದೇಶಕರು ಬಂದರು. ಕೈಯಲ್ಲಿ, ಮೂಲ ಕಾಗದ ಇನ್ನು ಬೇಕಿಲ್ಲ ಎಂಬ ಪತ್ರ. "ವ್ಯಾನು ಕಾಯ್ತಿದೆ. ಸಹಿ ಹಾಕಿ."

"ಹಾಕಲ್ಲ ಸಾರ್."

"ಇನ್ನೆಂಟು ತಿಂಗಳು. ಮರ್ಯಾದೆಯಿಂದ ಹೋಗಬಾರದಾ? ಇವತ್ತೇ ನಿಮ್ಮನ್ನ ಬೇರೆ ಕಡೆ ಹಾಕಿಸ್ತೀನಿ."

"ಹಾಕಿಸಿ. ಆದೇಶ ಬರಲಿ, ಅದನ್ನೂ ಎರಡು ಸಲ ಓದ್ತೀನಿ. ಅಲ್ಲೀವರೆಗೂ ಕಪಾಟಿನ ಬೀಗದ ಕೈ ನನ್ನ ಹತ್ರಾನೇ ಇರುತ್ತೆ."

ಮೂವತ್ತು ವರ್ಷದಲ್ಲಿ ಅವಳು ಇಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಹೆಮ್ಮೆಯಿಂದ ಬೆಂಚು ಬಿಟ್ಟೆದ್ದು ಹೊಸ್ತಿಲ ಹತ್ತಿರ ನಿಂತೆ.

ಆಯ್ತಪ್ಪ ಒಲ್ಲದ ಮನಸ್ಸಿನಿಂದ ಟೆಸ್ಟ್ ಶುರು ಮಾಡಿದ. ನೂರಾರು ಪುಟ್ಟ ಪರೀಕ್ಷೆ, ಒಂದೊಂದೇ ಪಾಸಾಗುತ್ತ ಹೋಯಿತು. ಕೊನೆಕೊನೆಗೆ ಒಂದು ಫೇಲ್.

"ಇಷ್ಟರಲ್ಲಿ ಒಂದೇ ಒಂದು. ಫಸ್ಟ್ ಕ್ಲಾಸ್ ಮೇಡಂ" ಎಂದು ನಕ್ಕ.

"ಆ ಒಂದು ಯಾವ ಮಗು ಕಡತ ಅಂತ ಹೇಳು, ಸಹಿ ಹಾಕ್ತೀನಿ."

ಅತ್ತೆ ಕುರ್ಚಿ ಎಳೆದುಕೊಂಡು ಕೂತಳು. "ಮತ್ತೊಮ್ಮೆ."

ಎರಡನೇ ಸಲ ಮೊದಲು ಫೇಲಾಗಿದ್ದದ್ದು ಪಾಸಾಯಿತು. ಪಾಸಾಗಿದ್ದ ಎರಡು ಫೇಲಾದವು. ಆಯ್ತಪ್ಪನ ನಗು ಮಾಯವಾಯಿತು. "ಅದೇ ಕೋಡು, ಅದೇ ಟೆಸ್ಟು. ಉತ್ತರ ಹೀಗೆ ಬದಲಾಗಬಾರದು. ಯಂತ್ರದಲ್ಲೇ ಏನೋ ಇದೆ" ಎನ್ನುತ್ತ ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿದ. ಎರಡು ಮೆಮೊರಿ ಪಟ್ಟಿಗಳನ್ನು ಒಂದೊಂದೇ ಹಾಕಿ ನೋಡಿದಾಗ ಒಂದು ಕೆಟ್ಟಿರುವುದು ಗೊತ್ತಾಯಿತು. ಅದು ಬರೆದುಕೊಂಡದ್ದನ್ನು ಆಗೀಗ ತಪ್ಪಾಗಿ ಹೇಳುತ್ತಿತ್ತು. ಆಮೇಲೆ ನಿರ್ದೇಶಕರ ಕಡೆ ತಿರುಗಿದವನು ಅವನೇ, ಇದನ್ನು ಅವನ ಪರವಾಗಿ ಬರೆಯಲೇಬೇಕು.

"ಹಾಗೇ ಬೀಗ ಹಾಕಿದ್ರೆ ಕೆಲವು ಕಡತ ಮತ್ತೆ ತೆರೀತಾನೇ ಇರಲಿಲ್ಲ ಸಾರ್. ಯಾವುದು ಅಂತಾನೂ ಗೊತ್ತಾಗ್ತಿರಲಿಲ್ಲ."

ನಿರ್ದೇಶಕರು ಗಡಿಯಾರ ನೋಡಿಕೊಂಡು ಹೊರಟುಹೋದರು. ವ್ಯಾನು ಖಾಲಿ ಹೋಯಿತು. ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಇವತ್ತಿಗೂ ಬಂದಿಲ್ಲ.

ಹೊಸ ಮೆಮೊರಿ ಬಂದ ದಿನ ಆಯ್ತಪ್ಪ ನೇರವಾಗಿ ಟೆಸ್ಟಿಗೆ ಕೈ ಹಾಕಿದ. ಅತ್ತೆ ತಡೆದಳು. "ಕೆಟ್ಟ ಯಂತ್ರದಲ್ಲಿ ಕಟ್ಟಿದ್ದನ್ನ ಯಾಕೆ ನಂಬಲಿ? ಅಳಿಸು. ಮೊದಲಿಂದ ಕಟ್ಟು." ಕಟ್ಟಿದ. ಎಲ್ಲವೂ ಪಾಸು, ಎರಡು ಸಲವೂ. ಅದಾದ ಮೇಲೂ ಅವಳು ಒಂದೊಂದೇ ಕಡತಕ್ಕೆ ಬೀಗ ಹಾಕಿ, ತೆರೆದು, ಕಾಗದದ ಜೊತೆ ಹೋಲಿಸಿ ನೋಡಿದಳು. ಏಳು ತಿಂಗಳು ಹಿಡಿಯಿತು. ಅಷ್ಟೂ ದಿನ ಮೀಟಿಂಗುಗಳು ವರಾಂಡದಲ್ಲೇ ನಡೆದವು.

ಕೊನೆಯ ಕಡತ ಮುಗಿದ ಸಂಜೆ ಸ್ಕೂಟರಿನಲ್ಲಿ ಕೇಳಿದೆ, "ನಂದು ಸರಿಯಾಗಿ ತೆರೀತಾ ಅತ್ತೆ?"

"ಯಾರ ಕಡತದ ಮಾತೂ ನಾನು ಬೀದೀಲಿ ಆಡಲ್ಲ. ಅರ್ಜಿ ಕೊಡು."

ಮರುದಿನ ಕೊಟ್ಟೆ. ಮೇಲಿಂದ ಕೆಳಗೆ ಓದಿ ಹಿಂತಿರುಗಿಸಿದಳು. "ದಿನಾಂಕ ಹಾಕಿಲ್ಲ. ಮತ್ತೊಮ್ಮೆ ಬರಿ." ಬರೆದೆ. ಮೊಟ್ಟಮೊದಲ ಸಲ ಹೊಸ್ತಿಲು ದಾಟಿಸಿ, ತನ್ನ ಕುರ್ಚಿಯಲ್ಲಿ ಕೂರಿಸಿ, ಬೀಗದ ಸಂಕೇತ ಒತ್ತಿದಳು. ಪರದೆ ನೋಡದೆ ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು. ನನ್ನ ಬೆಂಚು ಕಿರುಗುಟ್ಟಿದ್ದು ಕೇಳಿಸಿತು.

ಪರದೆಯ ಮೇಲೆ ಒಬ್ಬ ಹೆಂಗಸಿನ ಹೆಸರಿತ್ತು, ಅದರ ಕೆಳಗೆ ಎರಡು ಸಾಲು. ಓದಿದೆ. ಮತ್ತೊಮ್ಮೆ ಓದಿದೆ.