ಯುವರಾಜ್ ಜೋಡಿಸಿದ ಸೆಟ್ಟಿಂಗ್ಸ್

ಹೊಸೂರು ಪಕ್ಕದ ಆಲಸನತ್ತಂನ ಯುವರಾಜ್ ಹಗಲೆಲ್ಲ ಕಾರ್ಖಾನೆಯಲ್ಲಿ ದುಡಿದು ಬರುತ್ತಾನೆ, ಬಂದವನೇ ಕಂಪ್ಯೂಟರಿಗೆ ಅಂಟಿಕೊಳ್ಳುತ್ತಾನೆ. ದೇಶದೇಶದ ಜನ ಸೇರಿ ಪುಕ್ಕಟೆಯಾಗಿ ಕಟ್ಟುವ ಒಂದು ಓಪನ್ ಸೋರ್ಸ್ ಡೆಸ್ಕ್‌ಟಾಪ್ ತಂತ್ರಾಂಶಕ್ಕೆ ಅವನೂ ಕೈಜೋಡಿಸಿದ್ದ. ಅದರ ಸೆಟ್ಟಿಂಗ್ಸ್ ಮೆನುವಿನಲ್ಲಿ ಯಾವುದು ಎಲ್ಲಿರಬೇಕು ಅಂತ ಅಲ್ಲಿ ತಿಂಗಳುಗಟ್ಟಲೆ ಜಗಳ. ಒಲೆ ಯಾವ ಮೂಲೆಗಿರಬೇಕು ಅಂತ ಅತ್ತೆ ಸೊಸೆಯರೂ ಇಷ್ಟು ಕಿತ್ತಾಡಿರಲಿಕ್ಕಿಲ್ಲ.

ಕಣ್ಣು ಕಾಣದವರಿಗೆ, ಮಂದವಾದವರಿಗೆ ಬೇಕಾದದ್ದನ್ನೆಲ್ಲ ಕಿತ್ತು 'ವಿಶೇಷ ಸಹಾಯ' ಅನ್ನುವ ಬೇರೆ ಪುಟದಲ್ಲಿ ಇಡೋಣ ಅನ್ನುವುದು ಯುವರಾಜನ ವಾದ. ಅದೇ ಕೆಲಸಕ್ಕೆ ಕೈಹಾಕಿದ್ದ ಮೈಸೂರಿನ ಶ್ರೀನಿವಾಸ್ ಒಪ್ಪಲಿಲ್ಲ. ಪರದೆ ಓದಿ ಹೇಳುವ ದನಿ ಸೌಂಡ್ ಪುಟದಲ್ಲೇ ಇರಲಿ, ದಪ್ಪ ಅಕ್ಷರ ಉಳಿದ ಅಕ್ಷರಗಳ ಜೊತೆಗೇ ಇರಲಿ ಅಂದ. ಯುವರಾಜನಿಗೋ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಕೊನೆಗೊಂದು ದಿನ ಎಲ್ಲರೂ ಓದುವ ಆ ಚರ್ಚೆಯಲ್ಲಿ ಬರೆದೇಬಿಟ್ಟ: "ನಮ್ಮಕ್ಕ ಸರಳಾಗೆ ಕಣ್ಣು ಕಾಣಿಸುವುದಿಲ್ಲ. ಅವಳನ್ನು ಕೇಳಿಯೇ ಹೇಳುತ್ತಿದ್ದೇನೆ, ಅವಳಿಗೆ ಬೇಕಾದದ್ದು ಇದೇ." ಅದರ ಮುಂದೆ ಯಾರು ಬಾಯಿ ತೆರೆಯುತ್ತಾರೆ? ಶ್ರೀನಿವಾಸನೂ ಸುಮ್ಮನಾದ. ಆದರೆ ಯುವರಾಜ್ ಅಕ್ಕನನ್ನು ಕೇಳಿರಲೇ ಇಲ್ಲ.

ಅವತ್ತಿನಿಂದ ಅವನಿಗೆ ಅನ್ನ ಸೇರದು. ಹೊಸೂರಿನ ಒಂದು ಆಫೀಸಿನಲ್ಲಿ ಫೋನ್ ನೋಡಿಕೊಳ್ಳುವ ಸರಳಾ ಕೆಲಸ ಮಾಡುವುದೂ ಇದೇ ಡೆಸ್ಕ್‌ಟಾಪ್ ಮೇಲೆ. ಹೊಸ ಮೆನು ಹೊರಬೀಳುವ ಮುಂಚೆ ಅವಳು ಒಮ್ಮೆ 'ಚೆನ್ನಾಗಿದೆ' ಅಂದುಬಿಟ್ಟರೆ ಹೇಳಿದ ಸುಳ್ಳು ನಿಜವಾಗುತ್ತದೆ. ಅನ್ನದಿದ್ದರೆ? ಭಾನುವಾರ ಬೆಳಿಗ್ಗೆ ಅವಳನ್ನು ಕಂಪ್ಯೂಟರ್ ಮುಂದೆ ಕೂರಿಸಿ ಹೊಸ ಮೆನು ತೆರೆದುಕೊಟ್ಟ.

"ದನಿ ನಿಧಾನ ಮಾಡೋದು ಎಲ್ಲೋಯ್ತಲಾ? ಸೌಂಡ್‌ನಾಗೇ ಇತ್ತಲ್ಲ?"

"ಎಲ್ಲಾನೂ ಒಂದೇ ತಾವ ಇಟ್ಟಿವ್ನಿ ಅಕ್ಕ. ನಿಮ್ಮಂತೋರ್ಗೇ ಅಂತ ಬೇರೆ ಪುಟ."

ಸರಳಾಳ ಬೆರಳು ಕೀಲಿಗಳ ಮೇಲೆ ಓಡಿದವು. ಹುಡುಕಿದ್ದು ತಟ್ಟನೆ ಸಿಕ್ಕಿತು. ಯುವರಾಜನಿಗೆ ಹೋದ ಜೀವ ಬಂದಂತಾಯಿತು.

"ಸಲೀಸಾಗ್ ಸಿಕ್ತಲ್ಲಕ್ಕ?"

"ಸಿಕ್ತು," ಅಂದಳು. ಕೀಲಿಗಳ ಮೇಲಿಂದ ಕೈ ತೆಗೆದಳು.

"ಮದ್ವೆ ಮನೇಲಿ ಎಲ್ರೂ ಪಂಕ್ತೀಲಿ ಕುಂತ್ರೆ, ನನ್ನ ಮಾತ್ರ ಒಳಗಿನ ರೂಮ್ಗೆ ಕರ್ಕಂಡೋಗಿ ಎಲೆ ಆಕ್ತಾರೆ. ಪಾಪ, ಜನದ್ ಮಧ್ಯೆ ಕಷ್ಟ ಆಯ್ತದೆ ಅಂತ. ಪಾಯ್ಸಾನೂ ಕೇಳಿ ಕೇಳಿ ಬಡಿಸ್ತಾರೆ. ಪಕ್ಕದಾಗೆ ಮಾತ್ರ ಒಬ್ರೂ ಇರಲ್ಲ. ಈ ಪುಟಾನೂ ಅಂಗೇ ಐತೆ ಕಣ್ಲಾ."

ಪ್ರತಿ ಮದುವೆಯಲ್ಲೂ ಅವಳ ಕೈಹಿಡಿದು ಒಳಗೆ ಕರೆದೊಯ್ಯುತ್ತಿದ್ದವನು ಯುವರಾಜನೇ. ಅದನ್ನೇ ಪ್ರೀತಿ ಅಂದುಕೊಂಡಿದ್ದ, ಪ್ರೀತಿಯೂ ಹೌದು.

"ಅಕ್ಕ... ನಿನ್ನ ಕೇಳಿವ್ನಿ, ನಿಂಗೆ ಇದೇ ಬೇಕಂತೆ ಅಂತ ಇದನ್ ಮಾಡೋ ಜನಕ್ಕೆ ಬರ್ದುಬುಟ್ಟೆ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಬೈಯಲಿಲ್ಲ.

"ಅದಕ್ಕವ್ರು ಏನಂದ್ರು?"

"ಸುಮ್ಕಾದ್ರು."

ಈಗಲೇ ಶ್ರೀನಿವಾಸನಿಗೆ ಎಲ್ಲ ತಿಳಿಸಿಬಿಡೋಣ ಅಂತ ಕೀಬೋರ್ಡನ್ನು ತನ್ನತ್ತ ಎಳೆದುಕೊಂಡ. ಸರಳಾ ಅದನ್ನು ಗಟ್ಟಿಯಾಗಿ ಹಿಡಿದಳು.

"ಕೈ ತೆಗಿಲಾ. ನಾನೇ ಬರೀತೀನಿ."

ಅವನು ಬಿಟ್ಟುಕೊಟ್ಟ. ಅವಳು ಬರೆಯುತ್ತಾ ಹೋದಂತೆ ಕಂಪ್ಯೂಟರಿನ ದನಿ ಓದತೊಡಗಿತು: "ನಾನು ಸರಳಾ. ನನ್ನನ್ನು ಯಾರೂ ಕೇಳಿರಲಿಲ್ಲ."